ಪರಕೀಯರೆಂದೇ ಹೆಸರಿಟ್ಟುಕೊಂಡವರು

ತಮ್ಮ ಮೇಲೆ ಎಸೆದ ಮಾತನ್ನೇ ಎತ್ತಿಕೊಂಡು ಹೆಸರಾಗಿಸಿಕೊಳ್ಳುವುದು ತುಳಿತಕ್ಕೊಳಗಾದವರ ಹಳೆಯ ಉಪಾಯ. 1979ರಲ್ಲಿ ದಕ್ಷಿಣ ಲಂಡನ್ನಿನ ಮೂವರು ಪಾಕಿಸ್ತಾನಿ ಮೂಲದ ಯುವಕರು, ಒಬ್ಬ ಬಿಳಿಯ ಗೆಳೆಯನೊಂದಿಗೆ ಕಟ್ಟಿದ ಪಂಕ್ ರಾಕ್ ತಂಡದ ಹೆಸರು 'ಏಲಿಯನ್ ಕಲ್ಚರ್', ಎಂದರೆ ಪರಕೀಯ ಸಂಸ್ಕೃತಿ. ಕಲ್ಚರ್ ಪದದ ಮೊದಲ ಇಂಗ್ಲಿಷ್ ಅಕ್ಷರವನ್ನೂ ಬೇಕೆಂದೇ ತಪ್ಪಾಗಿ ಬರೆದುಕೊಂಡಿದ್ದರು.

1978ರ ಜನವರಿಯಲ್ಲಿ, ಆಗ ವಿರೋಧ ಪಕ್ಷದ ನಾಯಕಿಯಾಗಿದ್ದ ಮಾರ್ಗರೆಟ್ ಥ್ಯಾಚರ್ ಟೆಲಿವಿಷನ್ ಸಂದರ್ಶನವೊಂದರಲ್ಲಿ, ಬೇರೆ ಸಂಸ್ಕೃತಿಯ ಜನರಿಂದ ದೇಶ ಮುಳುಗಿಹೋದೀತೆಂಬ ಭಯ ಜನರಲ್ಲಿದೆ ಎಂದಿದ್ದರು. ಅವರು ಬಳಸಿದ ಪದ 'ಬೇರೆ'. ಈ ಹುಡುಗರು ಅದನ್ನು 'ಪರಕೀಯ' ಎಂದು ತಿದ್ದಿದರು. ಅವರು ತಪ್ಪಾಗಿ ಕೇಳಿಸಿಕೊಂಡರೆಂದು ನಮಗೆ ಅನ್ನಿಸುವುದಿಲ್ಲ. ನಯವಾದ ಮಾತಿನ ಒಳಗಿರುವುದು ಯಾರ ಕಿವಿಗೆ ಬೀಳಬೇಕೋ ಅವರ ಕಿವಿಗೆ ಬಿದ್ದೇ ಬೀಳುತ್ತದೆ.

ಕಾಲವೂ ಅಂಥದ್ದೇ. 1978ರ ಮೇ 4ರಂದು ಪೂರ್ವ ಲಂಡನ್ನಿನಲ್ಲಿ ಅಲ್ತಾಬ್ ಅಲಿ ಎಂಬ ಬಂಗಾಳಿ ಬಟ್ಟೆ ಕಾರ್ಮಿಕ ಕೊಲೆಯಾದ. 1979ರ ಏಪ್ರಿಲ್ 23ರಂದು ಸೌತ್‌ಹಾಲ್‌ನಲ್ಲಿ ನ್ಯಾಷನಲ್ ಫ್ರಂಟ್ ಸಭೆಯ ವಿರುದ್ಧ ನಡೆದ ಪ್ರತಿಭಟನೆಯಲ್ಲಿ ಬ್ಲೇರ್ ಪೀಚ್ ಎಂಬ ಶಿಕ್ಷಕರು ತಲೆಗೆ ಏಟು ಬಿದ್ದು ಸತ್ತರು. ಆ ಏಟು ಬಹುತೇಕ ಪೊಲೀಸನದೇ ಎಂದು ಹೇಳುವ ಪೊಲೀಸರದೇ ವರದಿ ಹೊರಬರಲು 2010ರವರೆಗೆ ಕಾಯಬೇಕಾಯಿತು.

ಪಂಕ್ ಈ ಹುಡುಗರಿಗೆ ಒಂದು ಧೈರ್ಯ ಕೊಟ್ಟಿತ್ತು. ವಿದ್ವಾಂಸನಾಗುವವರೆಗೆ ಬಾಯಿ ಮುಚ್ಚಿಕೊಂಡಿರಬೇಕಿಲ್ಲ ಎಂಬ ಧೈರ್ಯ. ಮ್ಯಾಂಚೆಸ್ಟರಿನ 'ಬಜ್‌ಕಾಕ್ಸ್' ತಂಡ 1977ರಲ್ಲಿ ಸಾಲ ತಂದು ತನ್ನ ತಟ್ಟೆಯನ್ನು ತಾನೇ ಹೊರತಂದಿತ್ತು. ಕೈಯಿಂದ ದುಡ್ಡು ಹಾಕಿ ಮೊದಲ ಕಥಾಸಂಕಲನ ಅಚ್ಚು ಹಾಕಿಸಿದ ನಮ್ಮಂಥವರಿಗೆ ಆ ಸಂಭ್ರಮ, ಆಮೇಲಿನ ಪೇಚಾಟ ಎರಡೂ ಗೊತ್ತು. ಏಲಿಯನ್ ಕಲ್ಚರ್‌ಗೆ ನೆರವಾದದ್ದು 'ರಾಕ್ ಎಗೇನ್ಸ್ಟ್ ರೇಸಿಸಂ' ಚಳವಳಿ. 1976ರಲ್ಲಿ ಗಿಟಾರ್ ವಾದಕ ಎರಿಕ್ ಕ್ಲಾಪ್ಟನ್ ವೇದಿಕೆಯ ಮೇಲಿನಿಂದ ವಲಸಿಗರ ವಿರುದ್ಧ ಮಾತನಾಡಿದಾಗ ಹುಟ್ಟಿದ ಚಳವಳಿ ಅದು. ಕರಿಯರ ಬ್ಲೂಸ್ ಸಂಗೀತದಿಂದಲೇ ಬದುಕು ಕಟ್ಟಿಕೊಂಡಾತ ಹಾಗೆ ಮಾತನಾಡಿದ್ದ! ಆ ಚಳವಳಿಯ ಸ್ವತಂತ್ರ ಲೇಬಲ್ಲಿನಿಂದ 1980ರಲ್ಲಿ ತಂಡದ ಏಕೈಕ ತಟ್ಟೆ ಬಂತು. ಒಂದು ಬದಿಗೆ 'ಏಷ್ಯನ್ ಯೂತ್', ಇನ್ನೊಂದಕ್ಕೆ 'ಕಲ್ಚರ್ ಕ್ರಾಸೋವರ್'. 1981ರಲ್ಲಿ ತಂಡ ಚದುರಿತು.

ಹಾಡುಗಳು ಹೇಗಿವೆ? ನಮಗೆ ಮುಖ್ಯವಾದ ಪ್ರಶ್ನೆ ಅದೇ. ಈ ತಂಡದ ಬಗ್ಗೆ ಬರೆಯುವವರು ಅಲ್ಲಿಗೆ ಬರುವುದೇ ಕಡಿಮೆ. 'ಮೊದಲ ಏಷ್ಯನ್ ಪಂಕರು' ಎಂದು ಹಾರ ಹಾಕಿ ಎದ್ದುಬಿಡುತ್ತಾರೆ. ಕಥೆ ಬರೆದಾಗ 'ಮುಸ್ಲಿಂ ಸಂವೇದನೆ' ಎಂದು ಬೆನ್ನು ತಟ್ಟಿ, ಕಥೆಯ ಕುಂದುಕೊರತೆ ಹೇಳದೆ ಹೊರಟುಹೋಗುವ ವಿಮರ್ಶಕರನ್ನು ನಾವೂ ಕಂಡಿದ್ದೇವೆ. ಅದು ಗೌರವವಲ್ಲ, ರಿಯಾಯಿತಿ. ಆದ್ದರಿಂದ ಹೇಳಿಬಿಡುತ್ತೇವೆ: 'ಏಷ್ಯನ್ ಯೂತ್'ನಲ್ಲಿ ಗಿಟಾರ್ ತೆಳುವಾಗಿದೆ. ಪರ್ವೇಜ್ ಬಿಲ್ಗ್ರಾಮಿ ಹಾಡುವುದಕ್ಕಿಂತ ಕೂಗುವುದೇ ಹೆಚ್ಚು. ಅಜರ್ ರಾಣಾರ ಡ್ರಮ್ಮು, ಔಸಫ್ ಅಬ್ಬಾಸರ ಬಾಸ್, ಹ್ಯೂ ಜೋನ್ಸರ ಗಿಟಾರ್ ಒಂದನ್ನೊಂದು ಅಟ್ಟಿಸಿಕೊಂಡು ಓಡುತ್ತವೆ. 'ಕ್ಲ್ಯಾಶ್' ತಂಡದ ಪಕ್ಕದಲ್ಲಿಟ್ಟರೆ ಇದು ಕಚ್ಚಾ ಮಾಲೇ.

ಆದರೂ ಕ್ಲ್ಯಾಶ್ ಮಾಡಲಾಗದ್ದೊಂದನ್ನು ಇದು ಮಾಡಿತು. ಬಿಳಿಯರ ಪಂಕ್ ಜಗಳವಾಡಿದ್ದು ಹೆಚ್ಚಾಗಿ ಹೊರಗಿನ ಅಧಿಕಾರದೊಂದಿಗೆ. ಇವರು ಬೀದಿಯ ಜನಾಂಗದ್ವೇಷಕ್ಕೂ ಮನೆಯ ಹಿರಿಯರಿಗೂ ಒಂದೇ ಉಸಿರಲ್ಲಿ ಉತ್ತರ ಕೊಡಬೇಕಿತ್ತು. ಮನೆಯವರೇ ಗೊತ್ತು ಮಾಡುವ ಮದುವೆಯ ಬಗ್ಗೆಯೂ ಹಾಡಿದರು. ಎದುರಿಗೆ ನಿಂತು ಕೇಳುತ್ತಿದ್ದವರಲ್ಲಿ ಬಿಳಿಯರೂ ಇದ್ದರು. 'ನೋಡಿ, ಅವರವರೇ ಹೇಳುತ್ತಿದ್ದಾರೆ' ಎನ್ನಲು ಕಾದಿರುವವರ ಮುಂದೆ ಮನೆಯ ಮಾತು ಆಡುವುದು ಹೇಗೆ? 1981ರಲ್ಲಿ 'ಲಂಕೇಶ್ ಪತ್ರಿಕೆ'ಯಲ್ಲಿ ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ' ಧಾರಾವಾಹಿಯಾಗಿ ಬಂದಾಗ ಇಲ್ಲಿಯೂ ಎದ್ದದ್ದು ಇದೇ ಪ್ರಶ್ನೆ. ಮೌನವಾಗಿದ್ದರೆ ಮನೆಯ ಹೆಣ್ಣುಮಕ್ಕಳಿಗೆ ಅನ್ಯಾಯ, ಮಾತಾಡಿದರೆ ಮನೆಯ ಶತ್ರುವಿಗೆ ಆಯುಧ. ಸಾರಾ ಅವರಿಗೆ ಕಾದಂಬರಿಯ ವಿಸ್ತಾರವಿತ್ತು, ನಾದಿರಾಳ ಕಣ್ಣೀರಿಗೆ ಪುಟಗಳಿದ್ದವು. ಈ ಹುಡುಗರಿಗಿದ್ದದ್ದು ಏಳಿಂಚಿನ ತಟ್ಟೆಯ ಒಂದೊಂದು ಬದಿ. ಕೂಗಿನಲ್ಲಿ ಸೂಕ್ಷ್ಮಕ್ಕೆ ಜಾಗ ಕಡಿಮೆ. ಅವರ ಸೋಲು ಎಂದು ನಾವು ಎಣಿಸುವುದು ಇದನ್ನೇ. ಗಿಟಾರಿನ ತೆಳುತನವನ್ನಲ್ಲ.

1990ರ ದಶಕದಲ್ಲಿ 'ಫನ್‌ಡಮೆಂಟಲ್', 'ಏಷ್ಯನ್ ಡಬ್ ಫೌಂಡೇಷನ್' ಬಂದು ತಬಲಾ, ಢೋಲಿನ ನಾದವನ್ನೂ ಸೇರಿಸಿಕೊಂಡು ಇದೇ ಜಗಳವನ್ನು ದೊಡ್ಡ ವೇದಿಕೆಗಳಿಗೆ ಒಯ್ದವು. ಅವುಗಳ ಸಂಗೀತ ಹೆಚ್ಚು ಮಾಗಿದ್ದು, ಅನುಮಾನವಿಲ್ಲ. ಆದರೆ ನಾವು ಮತ್ತೆ ಮತ್ತೆ ಹಾಕಿಕೊಂಡು ಕೇಳುತ್ತಿರುವುದು 'ಏಷ್ಯನ್ ಯೂತ್' ಅನ್ನೇ, ಗಿಟಾರ್ ತಾಳ ಬಿಟ್ಟು ಓಡುವಲ್ಲಿ ಮುಖ ಸಿಂಡರಿಸಿಕೊಳ್ಳುತ್ತಲೇ.