'ಆಸ್' ಎಂದಮಾತ್ರಕ್ಕೆ ಆಗಿಬಿಡುತ್ತದೆಯೇ?

ಸರ್ವರ್ ಕಳಿಸಿದ ಗ್ರಾಹಕರ ದಾಖಲೆಯಲ್ಲಿ 'ಫಸ್ಟ್_ನೇಮ್', 'ಲಾಸ್ಟ್_ನೇಮ್', 'ಕ್ರಿಯೇಟೆಡ್_ಅಟ್' ಎಂಬ ಫೀಲ್ಡ್‌ಗಳಿರುತ್ತವೆ. ಪರದೆಗೆ ಬೇಕಾದ 'ಯೂಸರ್' ಟೈಪ್‌ನಲ್ಲಿ ಇರಬೇಕಾದದ್ದು 'ಫುಲ್‌ನೇಮ್' ಮತ್ತು 'ಜಾಯಿನ್ಡ್'. ಎರಡನೆಯದು ಬರೀ ಅಕ್ಷರಗಳ ಸಾಲಾಗಿರದೆ ನಿಜವಾದ 'ಡೇಟ್' ಆಗಿರಬೇಕು. ಒಂದು ಟೈಪ್‌ನ ಆಬ್ಜೆಕ್ಟನ್ನು ಇನ್ನೊಂದು ಟೈಪ್‌ಗೆ ಒಗ್ಗಿಸುವ ಈ ಕೆಲಸ ಟೈಪ್‌ಸ್ಕ್ರಿಪ್ಟ್ ಬರೆಯುವವರಿಗೆ ದಿನನಿತ್ಯದ್ದು. ಬರೆದವರ ಕೈ ಎಷ್ಟು ಪಳಗಿದೆ ಎಂಬುದು ಇಲ್ಲೇ ಗೊತ್ತಾಗುತ್ತದೆ.

ಆತುರದವರು 'ಆಸ್ ಯೂಸರ್' ಎಂದು ಬರೆದು ಮುಂದೆ ಹೋಗುತ್ತಾರೆ. 'ಜೇಸನ್.ಪಾರ್ಸ್' ಕೊಡುವುದು 'ಎನಿ' ಟೈಪ್ ಆದ್ದರಿಂದ ಕಂಪೈಲರ್ ಚಕಾರ ಎತ್ತುವುದಿಲ್ಲ. ಆದರೆ ಜಾವಾಸ್ಕ್ರಿಪ್ಟ್ ಆಗುವಾಗ ಟೈಪ್‌ಗಳೆಲ್ಲ ಅಳಿಸಿಹೋಗುತ್ತವೆ, 'ಆಸ್' ಕೂಡ. ಆಬ್ಜೆಕ್ಟ್ ಇದ್ದ ಹಾಗೇ ಇರುತ್ತದೆ. ಇಲ್ಲದ 'ಜಾಯಿನ್ಡ್' ಮೇಲೆ 'ಗೆಟ್‌ಫುಲ್‌ಇಯರ್' ಕರೆದೊಡನೆ ಪ್ರೋಗ್ರಾಮ್ ಮುಗ್ಗರಿಸುತ್ತದೆ.

ಮೂರು ಚುಕ್ಕಿಯ ಸ್ಪ್ರೆಡ್ ಇದಕ್ಕಿಂತ ಸಭ್ಯವಾಗಿ ಕಾಣುತ್ತದೆ, ಅಪಾಯ ಮಾತ್ರ ಹೆಚ್ಚು. ಡೇಟಾಬೇಸ್‌ನ ಸಾಲಿನಲ್ಲಿ 'ಪಾಸ್‌ವರ್ಡ್_ಹ್ಯಾಶ್' ಇದ್ದರೆ, ಸ್ಪ್ರೆಡ್ ಅದನ್ನೂ ಹೊತ್ತು ತರುತ್ತದೆ. ಕೈಯಾರೆ ಬರೆದ ಹೆಚ್ಚುವರಿ ಫೀಲ್ಡನ್ನು ಪತ್ತೆಹಚ್ಚುವ ಕಂಪೈಲರ್, ಸ್ಪ್ರೆಡ್‌ನಿಂದ ನುಸುಳಿದ್ದನ್ನು ತಡೆಯುವುದಿಲ್ಲ.

ಪಳಗಿದವರು ಒಂದು ಪುಟ್ಟ ಫಂಕ್ಷನ್ ಬರೆಯುತ್ತಾರೆ. ಏನು ಹಿಂತಿರುಗಿಸುತ್ತದೆಂದು ಟೈಪ್ ಘೋಷಿಸಿ, ಒಳಗೆ ಒಂದೊಂದೇ ಫೀಲ್ಡನ್ನು ಹೆಸರಿಸುತ್ತಾರೆ. ನೋಡಲು ಸಪ್ಪೆ, ಆದರೆ ನಾಳೆ 'ಯೂಸರ್'ಗೆ ಹೊಸದೊಂದು ಕಡ್ಡಾಯ ಫೀಲ್ಡ್ ಸೇರಿದರೆ ಇಂಥ ಪ್ರತಿ ಫಂಕ್ಷನ್‌ನಲ್ಲೂ ಕೆಂಪು ಗೆರೆ ಮೂಡುತ್ತದೆ. ಫೀಲ್ಡ್‌ಗೆ ಪ್ರಶ್ನಾರ್ಥಕ ಚಿಹ್ನೆ ಹಚ್ಚಿ ಐಚ್ಛಿಕ ಮಾಡಿದರೋ, ಆ ಕಾವಲು ತಪ್ಪಿತು. ಬಿಟ್ಟುಹೋದದ್ದು ಯಾರ ಕಣ್ಣಿಗೂ ಬೀಳದು.

ಟರ್ಬೊ ಪ್ಯಾಸ್ಕಲ್, ಸಿ-ಶಾರ್ಪ್‌ಗಳನ್ನು ಕಟ್ಟಿದ ಆಂಡರ್ಸ್ ಹೇಲ್ಸ್‌ಬರ್ಗ್ ಮುಂದಾಳತ್ವದಲ್ಲಿ ಮೈಕ್ರೊಸಾಫ್ಟ್ ಟೈಪ್‌ಸ್ಕ್ರಿಪ್ಟನ್ನು ಹೊರತಂದದ್ದು 2012ರಲ್ಲಿ. ಒಂದು ಟೈಪ್‌ನಿಂದ ಇನ್ನೊಂದನ್ನು ರೂಪಿಸುವ ಸಾಧನಗಳು ಆಮೇಲೆ ಒಂದೊಂದಾಗಿ ಸೇರಿದವು: 2016ರ 2.1ನೇ ಆವೃತ್ತಿಯಲ್ಲಿ 'ಕೀಆಫ್' ಮತ್ತು ಮ್ಯಾಪ್ಡ್ ಟೈಪ್‌ಗಳು ಬಂದವು, ಜೊತೆಗೆ 'ಪಾರ್ಷಿಯಲ್', 'ಪಿಕ್'. 'ಒಮಿಟ್' ಸೇರಿದ್ದು 2019ರಲ್ಲಿ. 2020ರ 4.1 ಬಂದ ಮೇಲೆ ಟೈಪ್‌ನೊಳಗೇ ಕೀಗಳ ಹೆಸರು ಬದಲಿಸಬಹುದಾಯಿತು. 'ಫಸ್ಟ್_ನೇಮ್' ಕೀಯನ್ನು 'ಫಸ್ಟ್‌ನೇಮ್' ಮಾಡುವ ಸೂತ್ರವನ್ನು ಎರಡೇ ಸಾಲಿನಲ್ಲಿ ಬರೆಯಬಹುದು. ಇಷ್ಟಾದರೂ ಬದಲಾಗುವುದು ನಕ್ಷೆ ಮಾತ್ರ, ಮನೆಯಲ್ಲ. ಕೀಗಳನ್ನು ನಿಜವಾಗಿ ಬದಲಿಸಲು 'ಆಬ್ಜೆಕ್ಟ್.ಎಂಟ್ರೀಸ್', 'ಆಬ್ಜೆಕ್ಟ್.ಫ್ರಮ್‌ಎಂಟ್ರೀಸ್' ಬಳಸುವುದು ವಾಡಿಕೆ. ಅವೆರಡೂ ಟೈಪ್‌ನ ವಿವರಗಳನ್ನು ಮರೆತುಬಿಡುವುದರಿಂದ ಕೊನೆಗೆ ಒಂದು 'ಆಸ್' ಅನಿವಾರ್ಯ. ಅದು ಪರೀಕ್ಷೆಗೆ ಒಳಪಟ್ಟ ಒಂದೇ ಫಂಕ್ಷನ್‌ನ ಒಳಗೆ ಉಳಿದರೆ ಆಕ್ಷೇಪವಿಲ್ಲ.

ಇನ್ನುಳಿದದ್ದು ದಿನಾಂಕ. ಜೇಸನ್‌ನಲ್ಲಿ ದಿನಾಂಕಕ್ಕೆ ಪ್ರತ್ಯೇಕ ಟೈಪ್ ಇಲ್ಲ, ಬರುವುದು ಸ್ಟ್ರಿಂಗ್. 'ನ್ಯೂ ಡೇಟ್'ಗೆ ಅರ್ಥವಿಲ್ಲದ ಸ್ಟ್ರಿಂಗ್ ಕೊಟ್ಟರೂ ಅದು ದೋಷ ಎಸೆಯದೆ 'ಇನ್‌ವ್ಯಾಲಿಡ್ ಡೇಟ್' ಕೊಡುತ್ತದೆ. ಟೈಪ್ ಕೇಳಿದರೆ 'ಡೇಟ್' ಎಂದೇ ಉತ್ತರ. ಅದಕ್ಕೇ ಹೊರಗಿನ ಡೇಟಾವನ್ನು ಅನೇಕರು ಮೊದಲು ಜಾಡ್‌ನಂಥ ಲೈಬ್ರರಿಯ ಸ್ಕೀಮಾಕ್ಕೆ ಒಡ್ಡುತ್ತಾರೆ. ಅದರ 'ಕೊಯರ್ಸ್.ಡೇಟ್' ಸ್ಟ್ರಿಂಗನ್ನು ದಿನಾಂಕವಾಗಿಸಿ, ಅಸಿಂಧುವಾದರೆ ಬಾಗಿಲಲ್ಲೇ ತಿರಸ್ಕರಿಸುತ್ತದೆ. ಒಳಗಿನ ಫಂಕ್ಷನ್ ಹೆಸರು ಜೋಡಿಸಿದರೆ ಸಾಕು.