ಓದದವರು ಯಾರು?

ನಮ್ಮ ತರುಣರಲ್ಲಿ ಪುಸ್ತಕಗಳ ಅಭಿರುಚಿ ಕುಂದುತ್ತಿದೆಯೆಂಬ ದೂರು, ಸಾಹಿತ್ಯ ಸಭೆಗಳಲ್ಲಿ ಪ್ರಾರ್ಥನೆಯಷ್ಟೇ ವಾಡಿಕೆಯಾಗಿಬಿಟ್ಟಿದೆ. ಆ ಮಾತನ್ನು ನಾನೂ ಹಲವು ಸಲ ಆಡಿದವನೇ. ಆದರೆ ಈಚೆಗೆ ಮನೆಯಲ್ಲಿಯೇ ನಡೆದ ಸಣ್ಣದೊಂದು ಪ್ರಸಂಗ ನನ್ನ ಬಾಯಿ ಕಟ್ಟಿಸಿತು.

ಕಾಲೇಜಿನಲ್ಲಿ ಓದುವ ನನ್ನ ಮೊಮ್ಮಗ ರಜೆಯಲ್ಲಿ ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ ಹಿಡಿದು ಕುಳಿತಿದ್ದ. ಊಟಕ್ಕೆ ಕರೆದರೂ ಕಿವಿಗೊಡಲಿಲ್ಲ. ನನಗೋ ಎಲ್ಲಿಲ್ಲದ ಹಿಗ್ಗು. ಆ ಹಿಗ್ಗಿನಲ್ಲಿ, “ಈ ಕಾದಂಬರಿಯ ಆಶಯವೇನು, ಹೇಳು ನೋಡೋಣ” ಎಂದೆ. ಹುಡುಗನ ಮುಖ ಸಪ್ಪಗಾಯಿತು. ಪುಸ್ತಕ ಮಡಿಸಿಟ್ಟು, “ತಾತ, ನೀವು ಈಚೆಗೆ ಪೂರ್ತಿ ಓದಿದ ಪುಸ್ತಕ ಯಾವುದು?” ಎಂದ. ವಿಮರ್ಶೆಗೆಂದು ತಿರುವಿಹಾಕಿದ ಪುಸ್ತಕಗಳು ನೆನಪಾದುವೇ ಹೊರತು, ಸಂತೋಷಕ್ಕಾಗಿ ಓದಿದ ಒಂದೂ ನೆನಪಾಗಲಿಲ್ಲ.

1980ರಲ್ಲಿ ಪ್ರಕಟವಾದ ಈ ಕಾದಂಬರಿಯನ್ನು ಹುಡುಗರು ಇಂದಿಗೂ ಕೈಬಿಟ್ಟಿಲ್ಲವೇಕೆ? ಹಾರುವ ಓತಿಯನ್ನು ಅರಸಿ ಮಲೆನಾಡಿನ ಕಾಡು ಹೊಗುವ ವಿಜ್ಞಾನಿ ಕರ್ವಾಲೊ. ಜೊತೆಗೆ ಜೇನಿನ ಹಿಂದೆ ಅಲೆಯುವ ಮಂದಣ್ಣ. ಊರವರು ಪೆದ್ದನೆಂದು ತಿಳಿದ ಆ ಮಂದಣ್ಣನಲ್ಲಿ ಕರ್ವಾಲೊ ಹುಟ್ಟಾ ಪ್ರಕೃತಿಶಾಸ್ತ್ರಜ್ಞನನ್ನು ಕಾಣುತ್ತಾರೆ. ಇಷ್ಟನ್ನು ಹೇಳುವುದಕ್ಕೆ ಲೇಖಕರು ಎಲ್ಲಿಯೂ ಉಪದೇಶದ ಪೀಠವೇರುವುದಿಲ್ಲ. ಕಟ್ಟಕಡೆಗೆ ಓತಿಯೂ ಕೈಗೆ ಸಿಕ್ಕದೆ ಕಣಿವೆಯತ್ತ ತೇಲಿಹೋಗುತ್ತದೆ. ಆ ಬೆರಗೇ ಕೃತಿಯ ಜೀವಾಳ. ಅದನ್ನು ನಾನು ಎರಡು ಸಾಲಿನ ಉತ್ತರವಾಗಿ ಒಪ್ಪಿಸೆಂದು ಕೇಳಿದ್ದೆ!

ಮೊಬೈಲಿನ ಹಾವಳಿಯನ್ನು ನಾನು ಅಲ್ಲಗಳೆಯುವುದಿಲ್ಲ. ಒಂದು ಅಧ್ಯಾಯ ಮುಗಿಯುವಷ್ಟರಲ್ಲಿ ಹತ್ತು ಸಲ ಕರೆಯುವ ಯಂತ್ರ ಪಕ್ಕದಲ್ಲಿದ್ದರೆ ಮನಸ್ಸು ನಿಲ್ಲುವುದು ಕಷ್ಟವೇ ಸರಿ. ಆದರೆ ಅದು ನಮ್ಮ ಕೈಯಲ್ಲಿಯೂ ಇದೆಯಲ್ಲವೆ? ಹಿರಿಯರು ಓದುವುದನ್ನು ಕಣ್ಣಾರೆ ಕಾಣದ ಮಕ್ಕಳಿಗೆ, ಓದಿರೆಂಬ ಬುದ್ಧಿಮಾತು ಎಷ್ಟರ ಮಟ್ಟಿಗೆ ನಾಟೀತು?

ಹಿಂದೆ ಓದುಗರು ತಾವಾಗಿಯೇ ಹುಟ್ಟಿಕೊಂಡಿದ್ದರೆಂದು ಭಾವಿಸುವುದೂ ಭ್ರಮೆಯೇ. ಗಳಗನಾಥರು (1869–1942) ತಮ್ಮ ಪುಸ್ತಕಗಳ ಹೊರೆಯನ್ನು ತಾವೇ ತಲೆಯ ಮೇಲೆ ಹೊತ್ತು ಊರೂರು ತಿರುಗಿ ಮಾರಿದರು. ಓದುಗ ಬರಲೆಂದು ಅವರು ಕಾಯಲಿಲ್ಲ, ಅವನಿದ್ದಲ್ಲಿಗೆ ನಡೆದುಹೋದರು. ನಮಗಾದರೋ ಆ ಹೊರೆಯಿಲ್ಲ. 1965ರ ಸಾರ್ವಜನಿಕ ಗ್ರಂಥಾಲಯಗಳ ಕಾಯಿದೆಯ ದೆಸೆಯಿಂದ ಆಸ್ತಿ ತೆರಿಗೆಯ ಜೊತೆಯಲ್ಲಿಯೇ ಗ್ರಂಥಾಲಯದ ಕರವನ್ನೂ ಕಟ್ಟುತ್ತೇವೆ. ಕಟ್ಟಿದ ಮೇಲೆ, ಮಕ್ಕಳ ಕೈಹಿಡಿದು ಆ ಗ್ರಂಥಾಲಯದ ಮೆಟ್ಟಿಲು ಹತ್ತಿದವರು ನಮ್ಮಲ್ಲಿ ಎಷ್ಟು ಮಂದಿ? ನಾನಂತೂ ಹತ್ತಲಿಲ್ಲ.

ಅಭಿರುಚಿಯೆಂಬುದು ಬೋಧನೆಯಿಂದ ಬರುವ ವಸ್ತುವಲ್ಲ, ಒಬ್ಬರಿಂದ ಒಬ್ಬರಿಗೆ ಅಂಟುವಂಥದು. ನಮಗೇ ಇಲ್ಲದ್ದು ಇನ್ನೊಬ್ಬರಿಗೆ ಅಂಟುವುದೆಂತು?

ಮಾರನೆಯ ದಿನ ನಾನೇ ‘ಕರ್ವಾಲೊ’ ಎತ್ತಿಕೊಂಡು ಪಡಸಾಲೆಯಲ್ಲಿ ಕುಳಿತೆ. ಬೆಳಗಿನ ಕಾಫಿ ಆರಿಹೋಯಿತು. ಮೊಬೈಲು ಒಳಗೆಲ್ಲೋ ಬಡಿದುಕೊಂಡು ಸುಮ್ಮನಾಯಿತು. ಮೊಮ್ಮಗ ಎರಡು ಸಲ ಹಾದುಹೋದ. ನಾನು ತಲೆಯೆತ್ತಲಿಲ್ಲ. ಸಂಜೆ ಅವನೇ ಬಂದು ಎದುರಿಗೆ ನಿಂತ:

“ಮುಗಿಯಿತೇ ತಾತ? ನನಗಿನ್ನೂ ಕೊನೆಯ ಭಾಗ ಬಾಕಿ ಇದೆ.”