ಜನಸಂಖ್ಯಾ ಪರಿವರ್ತನಾ ಸಿದ್ಧಾಂತ: ಕ್ರಮ ಮತ್ತು ಕಾರಣ

ದೇಶವೊಂದು ಆರ್ಥಿಕವಾಗಿ ಬೆಳೆದಂತೆ ಅಲ್ಲಿ ಮೊದಲು ಮರಣ ದರವೂ ತಡವಾಗಿ ಜನನ ದರವೂ ಇಳಿಯುತ್ತವೆ, ಈ ಎರಡು ಇಳಿತಗಳ ನಡುವಣ ಅವಧಿಯಲ್ಲಿ ಜನಸಂಖ್ಯೆ ವೇಗವಾಗಿ ಏರುತ್ತದೆ ಎಂಬುದು ಜನಸಂಖ್ಯಾ ಪರಿವರ್ತನಾ ಸಿದ್ಧಾಂತದ ತಿರುಳು. 1929ರಲ್ಲಿ ಅಮೆರಿಕದ ವಾರೆನ್ ಥಾಂಪ್ಸನ್ ಇದಕ್ಕೆ ತಳಹದಿ ಹಾಕಿದರು. 1945ರಲ್ಲಿ ಫ್ರಾಂಕ್ ನೋಟ್‌ಸ್ಟೀನ್ ಖಚಿತ ರೂಪ ಕೊಟ್ಟರು. ಇಳಿತದ ಕ್ರಮವನ್ನು ಗುರುತಿಸುವುದರಲ್ಲಿ ಈ ಸಿದ್ಧಾಂತ ಬಹುಮಟ್ಟಿಗೆ ಗಟ್ಟಿಯಾಗಿದೆ. ಭಾರತದಲ್ಲಿ ಸಾವಿರ ಜನರಿಗೆ ವರ್ಷವೊಂದರಲ್ಲಿ ಸಂಭವಿಸುವ ಸಾವುಗಳ ಸಂಖ್ಯೆ, ಅಂದರೆ ಮರಣ ದರ, 1971ರ ವೇಳೆಗಾಗಲೇ 14.9ಕ್ಕೆ ಇಳಿದಿದ್ದರೂ ಜನನ ದರ ಇನ್ನೂ 36.9ರಲ್ಲೇ ಇತ್ತು, ಅದು 19.5ಕ್ಕೆ ಬಂದದ್ದು 2020ರಲ್ಲಿ.

ಸಿದ್ಧಾಂತ ಸಡಿಲವಾಗುವುದು ಕಾರಣವನ್ನು ಹೇಳಹೊರಟಾಗ. ಕೈಗಾರಿಕೆ ಮತ್ತು ನಗರಜೀವನ ಬೆಳೆದಾಗ ಮಕ್ಕಳ ದುಡಿಮೆಯ ಲಾಭ ಕುಗ್ಗಿ, ಅವರನ್ನು ಸಾಕುವ ವೆಚ್ಚ ಹಿಗ್ಗಿ, ಕುಟುಂಬಗಳು ಕಿರಿದಾಗುತ್ತವೆ ಎಂಬ ಅದರ ವಿವರಣೆ ಯುರೋಪಿನಲ್ಲೇ ಪೂರ್ತಿ ಒಪ್ಪುವುದಿಲ್ಲ. ಏಕೆಂದರೆ ಕೈಗಾರಿಕಾ ಕ್ರಾಂತಿಯ ತವರಾದ ಇಂಗ್ಲೆಂಡಿನಲ್ಲಿ ಸಂತಾನ ಮಿತಿಯು 1870ರ ದಶಕದ ನಂತರವಷ್ಟೇ ವ್ಯಾಪಕವಾಯಿತು, ಆದರೆ ಹೆಚ್ಚಾಗಿ ಬೇಸಾಯವನ್ನೇ ನೆಚ್ಚಿದ್ದ ಫ್ರಾನ್ಸಿನಲ್ಲಿ ಅದು ಹದಿನೆಂಟನೆಯ ಶತಮಾನದ ಕೊನೆಗೇ ಆರಂಭವಾಗಿತ್ತು.

ಈ ದೋಷ ಗ್ರಂಥಗಳೊಳಗೇ ಉಳಿದಿದ್ದರೆ ಅಷ್ಟು ಬಾಧಕವಾಗುತ್ತಿರಲಿಲ್ಲ. 1974ರ ಬುಕಾರೆಸ್ಟ್ ವಿಶ್ವ ಜನಸಂಖ್ಯಾ ಸಮ್ಮೇಳನದಲ್ಲಿ ಅಭಿವೃದ್ಧಿಯೇ ಅತ್ಯುತ್ತಮ ಗರ್ಭನಿರೋಧಕವೆಂದು ಸಾರಿದ ಭಾರತ, ಎರಡೇ ವರ್ಷಗಳಲ್ಲಿ ಅಭಿವೃದ್ಧಿಗಾಗಿ ಕಾಯಲಾಗದೆಂಬ ವಾದದೊಡನೆ ಹೊಸ ಜನಸಂಖ್ಯಾ ನೀತಿಯನ್ನು ತಂದಿತು. ತುರ್ತು ಪರಿಸ್ಥಿತಿಯ 1976-77ರ ಒಂದೇ ಸಾಲಿನಲ್ಲಿ 80 ಲಕ್ಷಕ್ಕೂ ಹೆಚ್ಚು ಸಂತಾನಹರಣ ಶಸ್ತ್ರಚಿಕಿತ್ಸೆಗಳು, ಹಲವೆಡೆ ಬಲವಂತದಿಂದಲೇ, ನಡೆದವು. ಸಂಪತ್ತಿಗಾಗಿ ಕಾಯುವುದು, ಇಲ್ಲವೇ ಬಲಪ್ರಯೋಗ ಮಾಡುವುದು ಎಂಬ ಎರಡೇ ದಾರಿಗಳಿವೆಯೆಂದು ಭಾವಿಸಿದ್ದು ಘೋರ ತಪ್ಪು. ತಲಾ ಆದಾಯದಲ್ಲಿ ರಾಷ್ಟ್ರದ ಸರಾಸರಿಗಿಂತ ಹಿಂದಿದ್ದ ಕೇರಳವು ಹೆಣ್ಣುಮಕ್ಕಳ ಶಾಲೆ, ಹಳ್ಳಿಗಳ ಆರೋಗ್ಯ ಕೇಂದ್ರ ಮತ್ತು ಶಿಶುಮರಣದ ಇಳಿಕೆಯ ಬಲದಿಂದ 1980ರ ದಶಕದ ಕೊನೆಯ ಹೊತ್ತಿಗೆ ಪ್ರತಿಸ್ಥಾಪನಾ ಮಟ್ಟವನ್ನು, ಅಂದರೆ ಹಿರಿಯ ಪೀಳಿಗೆಯ ಸ್ಥಾನವನ್ನು ಕಿರಿಯ ಪೀಳಿಗೆ ಅಷ್ಟಕ್ಕಷ್ಟೇ ತುಂಬುವ, ಮಹಿಳೆಯೊಬ್ಬಳಿಗೆ ಸರಾಸರಿ 2.1 ಮಕ್ಕಳ ಮಟ್ಟವನ್ನು, ತಲುಪಿತು. ಹುಟ್ಟಿದ ಮಗು ಬದುಕುತ್ತದೆಂಬ ತಾಯಿಯ ಭರವಸೆಗೂ ಎಷ್ಟು ಮಕ್ಕಳು ಬೇಕೆಂಬ ಅವಳ ನಿರ್ಧಾರಕ್ಕೂ ಇರುವ ನಂಟನ್ನು ಆದಾಯದ ಅಂಕಿಯೊಂದೇ ಹಿಡಿದುಕೊಡಲಾರದು.

ಪರಿವರ್ತನೆಯ ಕೊನೆಗೆ ಜನನ ಮರಣಗಳು ಸಮತೋಲಕ್ಕೆ ಬಂದು ನಿಲ್ಲುತ್ತವೆಂಬ ನಿರೀಕ್ಷೆಯೂ ಈಗ ನಿಲ್ಲದು. ದಕ್ಷಿಣ ಕೊರಿಯಾದಲ್ಲಿ ಮಹಿಳೆಯೊಬ್ಬಳಿಗೆ ಮಕ್ಕಳ ಸರಾಸರಿ 2023ರಲ್ಲಿ 0.72ಕ್ಕೆ ಕುಸಿಯಿತು, 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಸರಾಸರಿ 1.7.